ಮಾದೇವಕ್ಕನ ಚಹರೆ

ಮೈಕು ಆರಿಸಿದ್ದೇನೆಂದು ಶಿವಯೋಗೆಪ್ಪ ತಿಳಿದಿದ್ದ. ಆರಿಸಿರಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು, ಮಹಾಲಿಂಗಪುರದ ಪೇಟೆಯ ನಡುವೆ ನಿಂತ ಕಲ್ಮೇಶನ ಟಂಟಂ ಗಾಡಿಯ ನೆತ್ತಿಯಿಂದ ಎರಡು ಭೋಂಗಾಗಳು ಗಂಭೀರವಾಗಿ ಮೊಳಗಿದ್ದವು. “ಮಾನ್ಯ ಸಾರ್ವಜನಿಕರಲ್ಲಿ ವಿನಂತಿ. ಬನಹಟ್ಟಿಯ ನಿವಾಸಿ ಮಾದೇವಿ, ವಯಸ್ಸು ಸುಮಾರು ಎಪ್ಪತ್ತು, ಗೋಧಿ ಮೈಬಣ್ಣ, ಹಸಿರು ಸೀರೆ ಉಟ್ಟವರು, ನಿನ್ನೆ ಮನೆಯಿಂದ ಹೋದವರು ಮರಳಿ ಬಂದಿರುವುದಿಲ್ಲ. ಸದರಿಯವರ ಬುದ್ಧಿ ಸ್ತಿಮಿತದಲ್ಲಿ ಇರುವುದಿಲ್ಲ.” ಸ್ತಿಮಿತ ಎಂದರೆ ತಿಳಿಯದವರೂ ಪೇಟೆಯಲ್ಲಿ ಇರುತ್ತಾರಲ್ಲ. ಅವರಿಗಾಗಿ ಶಿವಯೋಗೆಪ್ಪ ಇನ್ನೊಮ್ಮೆ ಸರಳವಾಗಿ ಹೇಳಿದ್ದ: “ಅಂದ್ರ, ಮುದುಕಿಗೆ ತಲಿ ಸರಿ ಇಲ್ರಿ. ಕಂಡವರು ಪೊಲೀಸ್ ಠಾಣೆಗೆ ತಿಳಿಸಬೇಕಾಗಿ ಕಳಕಳಿಯ ಪ್ರಾರ್ಥನೆ.” ಪ್ರಾರ್ಥನೆಯ ಕೊನೆಯಲ್ಲಿ ದನಿಯನ್ನು ಸ್ವಲ್ಪ ನಡುಗಿಸಿದ. ಬಾಳೆಹಣ್ಣಿನ ಗಾಡಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ಅವನಿಗೆ ಸಮಾಧಾನವಾಯಿತು. ಸಮಾಧಾನವಾದ ಮೇಲೆ ಹಸಿವಾಯಿತು.

“ಲೇ ಕಲ್ಮೇಶ,” ಎಂದ, ಮೈಕನ್ನು ತೊಡೆಯ ಮೇಲಿಟ್ಟುಕೊಂಡು, “ಮುದುಕಿ ಎಲ್ಲಿಗಿ ಹೋಗತಾಳ, ಸಿಕ್ಕ ಸಿಗತಾಳ. ಮೊದಲ ಆ ಮೂಲ್ಯಾಗಿನ ಮಿರ್ಚಿ ಭಜಿ ತಿನ್ನೂಣು ನಡಿ. ಆರಿದ್ರ ರುಚಿ ಇರಂಗಿಲ್ಲ.”

ಇದೂ ಭೋಂಗಾದಲ್ಲೇ ಹೋಯಿತು. ಮುಂದಿನ ಭೋಂಗಾ ಗುಡಿಯ ಕಡೆಗೆ ಹೇಳಿತು, ಹಿಂದಿನದು ಬಸ್‌ಸ್ಟ್ಯಾಂಡಿನ ಕಡೆಗೆ. ಬಾಳೆಹಣ್ಣಿನವಳು ಕಣ್ಣೊರೆಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಮೇಲಿನ ಮಾಳಿಗೆಯಿಂದ ಯಾರೋ ಹೆಣ್ಣುಮಗಳು, “ಸಾವಕಾಶ ತಿನ್ರೆಪಾ! ನೀರು ಕುಡದು, ಎಲಿ ಹಾಕ್ಕೊಂಡು ಆಮ್ಯಾಲ ಹುಡುಕ್ರಿ!” ಎಂದು ಕೂಗಿದಳು. ಪೇಟೆ ನಕ್ಕಿತು.

ಗಾಡಿಯ ಹಿಂದಿನ ಸೀಟಿನಲ್ಲಿ ಮಾದೇವಕ್ಕನ ಸೊಸೆ ಶೈಲಾ ಕುಳಿತಿದ್ದಳು, ಕಂಡರೆ ಗುರುತು ಹಿಡಿಯಲೆಂದು ಬಂದವಳು. ಅವಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಚಕ್ರದ ಕಡೆ ನೋಡತೊಡಗಿದಳು.

ಅಂದು ಶಿವಯೋಗೆಪ್ಪ ಮಿರ್ಚಿ ತಿನ್ನಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು, ಯಾಕೆಂದರೆ ಅವನ ಪರವಾಗಿ ಹೇಳಲು ಮುಂದೆ ಬಹಳ ಹೊತ್ತು ಬೇರೇನೂ ಸಿಗುವುದಿಲ್ಲ.

ಬನಹಟ್ಟಿಯಲ್ಲಿ ಶಿವಯೋಗೆಪ್ಪನದು ಮೈಕ್‌ಸೆಟ್ ಬಾಡಿಗೆ ಕೊಡುವ ಧಂದೆ. ಮದುವೆ, ನಾಟಕ, ಚುನಾವಣೆ ಎಲ್ಲಕ್ಕೂ ಒಂದು ಕಾಲದಲ್ಲಿ ಅವನೇ ಬೇಕಿತ್ತು. ನಾಟಕಕ್ಕೆ ಮೈಕು ಕಟ್ಟಲು ಹೋದವನು ಪಾತ್ರಧಾರಿ ಬಾರದ ದಿನ ತಾನೇ ಬಣ್ಣ ಹಚ್ಚಿಕೊಳ್ಳುತ್ತಿದ್ದ. ಪಾತ್ರಧಾರಿಗಳು ಬಾರದಿರಲಿ ಎಂದು ಆಗಾಗ ಹಾರೈಸಿದ್ದೂ ಉಂಟು. ಆಮೇಲೆ ಎದೆ ನಡುಗಿಸುವ ಡಿಜೆಗಳು ಬಂದವು, ಅವನ ಭೋಂಗಾಗಳು ಅಟ್ಟ ಸೇರಿದವು. ಅವುಗಳನ್ನು ಕೆಳಗಿಳಿಸಿದವನು ಹೊಳೆಪ್ಪ.

ಹೊಳೆಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಕಾಣೆಯಾದವರನ್ನು ಹುಡುಕಲು ಪೊಲೀಸರಿಗೆ ನೆರವಾಗುವ ಒಂದು ತಂಡ ಕಟ್ಟಿದ್ದ. ಮಗ್ಗದವರು, ಫೋಟೊ ಸ್ಟುಡಿಯೋದವನು, ಗೊಬ್ಬರದಂಗಡಿಯವನು ಹೀಗೆ ಹತ್ತು ಹನ್ನೆರಡು ಜನ. ಜಮಖಂಡಿ, ಮುಧೋಳ, ಬೀಳಗಿ ಎಲ್ಲಿಂದ ಫೋನ್ ಬಂದರೂ ಕೆಲಸ ಬಿಟ್ಟು ಹೊರಡುವವರು. ಬೆಳೆದ ಕಬ್ಬಿನೊಳಗೆ ಒಂದು ಮಾರು ದೂರದ ಮನುಷ್ಯ ಕಾಣುವುದಿಲ್ಲ. ಅದಕ್ಕೆ ಸಾಲಿಗೊಬ್ಬರನ್ನು ನಿಲ್ಲಿಸಿ, ಹೊಳೆಪ್ಪ ತನ್ನ ಹಳೆಯ ಸೀಟಿ ಊದುತ್ತಿದ್ದ. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ನಡೆಯಬೇಕು. ಯಾರಾದರೂ ಹಿಂದುಳಿದರೆ ಕಬ್ಬಿನೊಳಗಿಂದ ಅವನ ದನಿ ಬರುತ್ತಿತ್ತು: “ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಐತಿ!”

ಈ ತಂಡಕ್ಕೆ ಶಿವಯೋಗೆಪ್ಪ ಬಾಯಿ. ಯಾರೋ ಕಾಣೆಯಾದರು ಎಂದು ಫೋನ್ ಬಂದರೆ ಮನುಷ್ಯನಾದವನಿಗೆ ಮೊದಲು ‘ಅಯ್ಯೋ’ ಎನಿಸಬೇಕು. ಶಿವಯೋಗೆಪ್ಪನಿಗೂ ಎನಿಸುತ್ತಿತ್ತು, ಎರಡನೆಯದಾಗಿ. ಮೊದಲು ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ರಾತ್ರಿ ಊಟಕ್ಕೆ ಕುಳಿತಾಗ ಒಂದು ರೊಟ್ಟಿ ಕಡಿಮೆ ತಿಂದು, ಅದನ್ನು ಪ್ರಾಯಶ್ಚಿತ್ತವೆಂದು ಲೆಕ್ಕ ಹಿಡಿಯುತ್ತಿದ್ದ.

ಆ ಬೆಳಗ್ಗೆ ಠಾಣೆಯ ಅಂಗಳದಲ್ಲಿ ಹವಾಲ್ದಾರ ಗುರುಸಿದ್ದನ ಮುಂದೆ ಶೈಲಾ ನಡೆದದ್ದನ್ನೆಲ್ಲ ಹೇಳಿದ್ದಳು. ಅವಳು ಹೇಳುವಾಗ ಶಿವಯೋಗೆಪ್ಪ ಪಕ್ಕದಲ್ಲೇ ಇದ್ದ. ಆದರೆ “ಹಲೋ, ಹಲೋ, ಚೆಕ್” ಎಂದು ಮೈಕು ಪರೀಕ್ಷಿಸುತ್ತಿದ್ದ. ಎರಡು ಹಲೋಗಳ ನಡುವೆ ಅವನ ಕಿವಿಗೆ ಬಿದ್ದದ್ದು ‘ತಲಿ ಸರಿ ಇಲ್ಲ’ ಎಂಬಷ್ಟೇ ಮಾತು. ಅವನಿಗೆ ಅಷ್ಟು ಸಾಕಾಗಿತ್ತು. ಸಿಟ್ಟಾಗಿ ಹೋದ ಮುದುಕಿ ಎಂದರೆ ಜನ ‘ಸಿಟ್ಟು ಇಳಿದ ಮ್ಯಾಲ ಬರತಾಳ’ ಎಂದು ಸುಮ್ಮನಾಗುತ್ತಾರೆ. ಬುದ್ಧಿ ಕೆಟ್ಟ ಮುದುಕಿ ಎಂದರೆ ಮರುಗುತ್ತಾರೆ, ಹುಡುಕುತ್ತಾರೆ ಎಂಬುದು ಅವನ ಅನುಭವ. ದನಿ ನಡುಗಿಸಲಿಕ್ಕೂ ಅದರಲ್ಲಿ ಅವಕಾಶ ಹೆಚ್ಚು.

ಪೇಟೆಯಲ್ಲಿ ಮಾನ ಹೋದದ್ದಕ್ಕೆ ಪರಿಹಾರವೆಂಬಂತೆ ಅವನು ಇನ್ನೂ ಹುರುಪಿನಿಂದ ಕೆಲಸ ಮಾಡಿದ. ಅದೇ ಒಕ್ಕಣೆಯನ್ನು ಮೊಬೈಲಿನಲ್ಲಿ ಹೇಳಿ ವಾಟ್ಸಾಪಿಗೆ ಬಿಟ್ಟ. ಮಧ್ಯಾಹ್ನದೊಳಗೆ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಅವನ ದನಿ ನಡುಗಿತು. ಫೋನುಗಳು ಬರತೊಡಗಿದವು. ಬೀಳಗಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾಕೆ ತನ್ನಷ್ಟಕ್ಕೆ ತಾನೇ ಮಾತಾಡಿ ನಗುತ್ತಿದ್ದಾಳೆ ಎಂದರು. ಗಾಡಿ ಮಾಡಿಕೊಂಡು ಹೋಗಿ ನೋಡಿದರೆ, ಆಕೆ ಕಿವಿಯಲ್ಲಿ ಬ್ಲೂಟೂತ್ ಇಟ್ಟುಕೊಂಡು ಬೀಗಿತ್ತಿಯೊಡನೆ ಹರಟುತ್ತಿದ್ದಳು. ಹುಡುಕಲು ಬಂದವರಿಗೇ ತಲೆ ಸರಿಯಿಲ್ಲವೆಂದು ಬೀಗಿತ್ತಿಗೆ ವರದಿಯನ್ನೂ ಕೊಟ್ಟಳು. ಜಮಖಂಡಿಯ ಸಂತೆಯಲ್ಲಿ ಹಿಡಿದು ಕೂರಿಸಿದ್ದ ಇನ್ನೊಬ್ಬಾಕೆಯ ಹುಚ್ಚು ಏನೆಂದರೆ, ಬದನೆಕಾಯಿಗೆ ಹೇಳಿದ ದರ ಕೊಡಲು ಒಪ್ಪದಿದ್ದದ್ದು. ಅರ್ಧ ತಂಡದ ಒಂದು ದಿನ ಹೀಗೆ ಹೋಯಿತು. ಮಾದೇವಕ್ಕನ ತವರು ರನ್ನ ಬೆಳಗಲಿ. ಅಲ್ಲಿಗೂ ಬಂದಿಲ್ಲವೆಂದು ಅವಳ ತಮ್ಮ ಫೋನಿನಲ್ಲಿ ಹೇಳಿದ.

ಇನ್ನೊಂದು ತೊಡಕಿತ್ತು. ಮಾದೇವಕ್ಕನ ಒಂದು ನೆಟ್ಟಗಿನ ಫೋಟೊ ಮನೆಯಲ್ಲಿ ಇರಲಿಲ್ಲ. ಮಗನ ಮದುವೆಯ ಫೋಟೊದಲ್ಲಿ ಅವಳು ಬಡಿಸುತ್ತಿದ್ದಳು, ಬೆನ್ನು ಕಾಣುತ್ತಿತ್ತು. ಮೊಮ್ಮಗಳ ತೊಟ್ಟಿಲ ಫೋಟೊದಲ್ಲಿ ಅವಳ ಕೈ ಮಾತ್ರ ಬಂದಿತ್ತು. ಆಧಾರ್ ಕಾರ್ಡಿನಲ್ಲಿದ್ದ ಮುಖವನ್ನು ನೋಡಿ ಶೈಲಾಳೇ, “ಇವರು ಯಾರರಿ?” ಎಂದು ಕೇಳಿದ್ದಳು. ಮರುದಿನ ಬೆಳಗ್ಗೆ ಅತ್ತೆಯ ಭಜನೆಯ ಗೆಳತಿಯೊಬ್ಬಳ ಮೊಬೈಲಿನಲ್ಲಿ ಒಂದು ಫೋಟೊ ಸಿಕ್ಕಿತು. ತಾಳ ಎತ್ತಿ ಹಿಡಿದು, ಬಾಯಿ ತುಂಬ ನಗುತ್ತಿರುವ ಮಾದೇವಕ್ಕ. ಅದನ್ನು ಹಿಡಿದುಕೊಂಡು ಶಿವಯೋಗೆಪ್ಪ, ಶೈಲಾ, ಗುರುಸಿದ್ದ ಮೂವರೂ ಮಹಾಲಿಂಗಪುರದ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದರು. ಮಿರ್ಚಿ ಅಂಗಡಿಯವನು ಶಿವಯೋಗೆಪ್ಪನನ್ನು ಕಂಡು, “ಬರ್ರಿ ಸಾವಕಾರ್ರ, ಬಿಸಿ ಅದಾವ” ಎಂದ. ಅವನು ಕೇಳಿಸದವನಂತೆ ಮುಂದೆ ಹೋದ.

ಮಹಾವೀರ ಎಂಬ ಸೀರೆ ವ್ಯಾಪಾರಿ ಫೋಟೊ ನೋಡಿದವನೇ, “ಅರೆ, ಈಕಿನ!” ಎಂದ.

“ಎಲ್ಲಿ ನೋಡೀರಿ?” ಗುರುಸಿದ್ದ ಕೇಳಿದ.

“ನಿನ್ನೆ ಮುಂಜಾನೆ ಇಲ್ಲೇ ಕುಂತಿದ್ಲರಿ, ರಾತ್ರಿ ಗುಡ್ಯಾಗ ಮಲಗಿ ಬಂದಾಕಿ. ಬರೇ ದಣಿವಾರಿಸ್ಕೊಳ್ಳಾಕ ಕುಂತಾಕಿ, ನಾ ಕಟ್ಟು ಬಿಚ್ಚತಿದ್ದ ಸೀರಿ ಸೆರಗು ಹಿಡದು, ‘ತಮ್ಮಾ, ಇದರಾಗ ಎಳಿ ತಪ್ಪ್ಯಾವ ನೋಡು. ಇದನ್ನ ನೇಯ್ದಾಂವ ಹೆಂಡ್ತಿ ಕೂಡ ಜಗಳಾಡಿ ಮಗ್ಗಕ್ಕ ಕುಂತಾನ’ ಅಂದ್ಲು. ಖರೆನ ತಪ್ಪಿದ್ದು! ಕಟ್ಟ ಹೊಳ್ಳಿ ಕಳಿಸಿದೆ. ಚಾ ತರಿಸಿ ಕೊಟ್ಟೆ.”

“ಮತ್ತ ಠಾಣೇಕ ಯಾಕ ಹೇಳಲಿಲ್ರಿ?” ಎಂದ ಶಿವಯೋಗೆಪ್ಪ. ಅವನ ದನಿಯಲ್ಲಿ ಆಪಾದನೆ ಇತ್ತು. ಅದು ಅವನ ಕೊನೆಯ ಆಪಾದನೆ.

“ಏನಂತ ಹೇಳಬೇಕ್ರಿ? ನೀವು ತಲಿ ಸರಿ ಇಲ್ಲದಾಕಿ ಅಂದ್ರಿ. ಈಕಿ ನನಗಿಂತ ಶ್ಯಾಣೇಕಿ. ನೀವು ಹಸರ ಸೀರಿ ಅಂದ್ರಿ, ಈಕಿ ಕೆಂಪು ದಡಿ ಹಳದಿ ಸೀರಿ ಉಟ್ಟಿದ್ಲು.”

“ತವರಿಗಂತ ಛಲೋ ಸೀರಿ ಉಟ್ಟಾರ,” ಎಂದಳು ಶೈಲಾ ಮೆಲ್ಲಗೆ.

ಮಹಾವೀರ ನೆನಪಿಸಿಕೊಳ್ಳುತ್ತ ಹೇಳಿದ: “ನಿಮ್ಮ ಗಾಡಿ ಬಂದಾಗ ಅಕಿನೂ ಕೇಳಿದ್ಲರಿ. ‘ಪಾಪ, ಯಾವಾಕಿನೋ ಏನೋ’ ಅಂದೆ ನಾನು. ಅಕಿ ಅರ್ಧ ಚಾ ಹಂಗ ಇಟ್ಟು ಎದ್ದು ಹೋದ್ಲು.”

ಶೈಲಾ, ಯಾರಿಗೆ ಎನ್ನದೆ, ಹೇಳಿದಳು: “ನಾ ಮನ್ಯಾಗ ಅಂದದ್ದೂ ಅದ ಮಾತರಿ. ಪಲ್ಯಾದಾಗ ಉಪ್ಪು ಎರಡು ಸಲ ಬಿದ್ದಿತ್ತು. ಮಂದಿ ಊಟಕ್ಕ ಕುಂತಿದ್ರು. ‘ಅತ್ತೀ, ನಿಮಗ ತಲಿ ಸರಿ ಇಲ್ಲೇನು’ ಅಂದಬಿಟ್ಟೆ. ಅದಕ್ಕ ಹೋದ್ರು. ಠಾಣ್ಯಾಗ ಎಲ್ಲಾ ಹೇಳಿದ್ದೆ. ನೀವು ಅದನ್ನ ಪ್ಯಾಟ್ಯಾಗ ಹೇಳ್ತೀರಿ ಅಂತ ಗೊತ್ತಿರಲಿಲ್ಲ. ಹೇಳಿದಾಗ, ನಾನ ತಪ್ಪು ಮಾಡಿದಾಕಿ, ಏನಂತ ತಡೀಲಿ ಅಂತ ಸುಮ್ನಿದ್ದೆ.”

ಶಿವಯೋಗೆಪ್ಪ ಇದುವರೆಗೆ ಮಿರ್ಚಿಯ ನಾಚಿಕೆಯನ್ನೇ ಹೊತ್ತುಕೊಂಡು ತಿರುಗುತ್ತಿದ್ದ. ಅದು ಎಷ್ಟು ಹಗುರವಾಗಿತ್ತೆಂದು ಈಗ ಗೊತ್ತಾಯಿತು. ಯಾವ ಮಾತು ಕೇಳಲಾರದೆ ಆ ಹೆಣ್ಣುಮಗಳು ಮನೆ ಬಿಟ್ಟಿದ್ದಳೋ, ಅದೇ ಮಾತನ್ನು ಅವನು ಭೋಂಗಾ ಕಟ್ಟಿಕೊಂಡು ಅವಳ ಬೆನ್ನು ಹತ್ತಿ ಊರೂರಿಗೆ ಹೇಳಿದ್ದ. ಒಂದು ಸಲ ಕನ್ನಡದಲ್ಲಿ, ತಿಳಿಯದಿದ್ದರೆ ಎಂದು ಇನ್ನೊಂದು ಸಲ ಇನ್ನೂ ಅಚ್ಚ ಕನ್ನಡದಲ್ಲಿ.

ವಿಷಯ ತಿಳಿದು ಹೊಳೆಪ್ಪ ತನ್ನ ಜನರೊಂದಿಗೆ ಬಂದ. ಅವನ ತರ್ಕ ಸರಳವಾಗಿತ್ತು. “ಹೊಳ್ಳಿ ಮನಿಗಿ ಹೋಗಾಕ ಮಾರಿ ಇಲ್ಲ. ಮುಂದ ತವರಿಗಿ ಹೋಗಬೇಕಂದ್ರ, ಅಲ್ಲಿನೂ ಸುದ್ದಿ ಮುಟ್ಟಿರತೈತಿ. ಅಂದಮ್ಯಾಲ ಮಹಾಲಿಂಗಪುರಕ್ಕೂ ಬೆಳಗಲಿಗೂ ನಡುವ ಎಲ್ಲೋ ಅದಾಳ.”

ಆ ನಡುವೆ ಇದ್ದದ್ದು ಕಬ್ಬು, ಮತ್ತು ಕಾಲುವೆ. ಕಾಲುವೆಯ ಹೆಸರನ್ನು ಯಾರೂ ಎತ್ತಲಿಲ್ಲ. ಗಾಡಿ ಮಾತ್ರ ಮೊದಲು ಅಲ್ಲಿಗೇ ಹೋಯಿತು.

ದಂಡೆಯ ಮೇಲೆ ಒಂದು ಚಪ್ಪಲಿ ಬಿದ್ದಿತ್ತು. ಹೆಂಗಸರದು, ಸವೆದದ್ದು, ಒಂದೇ. ಹೊಳೆಪ್ಪ ಒಂದು ಸೀಟಿ ಊದಿದ. ಎಲ್ಲರೂ ನಿಂತರು. ಈಜು ಬಲ್ಲ ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದರು. ಹಗ್ಗದ ಇನ್ನೊಂದು ತುದಿಯನ್ನು ಶಿವಯೋಗೆಪ್ಪನ ಕೈಗೆ ಕೊಟ್ಟರು. ಅವನು ಹಿಡಿದ ರೀತಿಗೆ ಹಗ್ಗವೇ ಬೆವರಿತು. ಪೇಟೆಯಲ್ಲೇ ಬಿಟ್ಟುಬಂದಿದ್ದ ಶೈಲಾಳನ್ನು ಕರೆತರಲು ಕಲ್ಮೇಶ ಗಾಡಿ ತಿರುಗಿಸಿದ್ದ. ಅವಳು ಬರುವವರೆಗೆ ಆ ಚಪ್ಪಲಿ ಅಲ್ಲೇ ಬಿದ್ದಿತ್ತು, ಶಿವಯೋಗೆಪ್ಪನ ಕಡೆಗೇ ಮುಖ ಮಾಡಿಕೊಂಡು.

ಅವನಿಗೆ ತಡೆಯಲಾಗಲಿಲ್ಲ. “ಹೊಳೆಪ್ಪಣ್ಣಾ, ಆ ಮಾತು ಕೂಗಂತ ಸೊಸಿ ಹೇಳಿದ್ದಲ್ಲ. ಪೊಲೀಸರು ಹೇಳಿದ್ದೂ ಅಲ್ಲ. ನಾನ ಸೇರಿಸಿದ್ದು.”

“ಗೊತ್ತು,” ಎಂದ ಹೊಳೆಪ್ಪ, ನೀರಿನಿಂದ ಕಣ್ಣು ತೆಗೆಯದೆ. “ಹೋದ ವರ್ಷ ಒಬ್ಬ ಹುಡುಗಗ ಮೂರ್ಛಿ ರೋಗ ಸೇರಿಸಿದ್ದಿ.”

“ಮಂದಿ ಕನಿಕರಪಡಲಿ ಅಂತ...”

“ಮಂದಿ ಯಾರ ಮ್ಯಾಲ ಕನಿಕರಪಡಬೇಕು? ಅಕಿ ಮ್ಯಾಲೋ, ನಿನ್ನ ದನಿ ಮ್ಯಾಲೋ?”

ಶಿವಯೋಗೆಪ್ಪ ಹಗ್ಗವನ್ನೇ ನೋಡಿದ. “ಈಗ ಏನು ಮಾಡಬೇಕು?”

“ನಾ ಕಂಡಕ್ಟರ ಇದ್ದಾಗ ತಪ್ಪು ಟಿಕೀಟ ಹರದ್ರ ಏನು ಮಾಡ್ತಿದ್ದೆ? ಬಸ್ಸಿನ್ಯಾಗ ಎಲ್ಲಾರ ಮುಂದ ತಪ್ಪಾತು ಅಂತ ಹೇಳಿ, ಬ್ಯಾರೆ ಹರದು ಕೊಡತಿದ್ದೆ. ಹಾಳಾದ ಟಿಕೀಟಿನ ರೊಕ್ಕ ನನ್ನ ಕಿಸೇದಾಗಿಂದ. ಯಾರೂ ಸತ್ತಿಲ್ಲಪಾ ಅದಕ್ಕ. ಮಾರಿ ಅಷ್ಟ ಸಣ್ಣದಾಗತಿತ್ತು.”

ಶೈಲಾ ಬಂದಳು. ಚಪ್ಪಲಿಯನ್ನು ಮುಟ್ಟದೆ, ಬಗ್ಗಿ, ಬಹಳ ಹೊತ್ತು ನೋಡಿದಳು. “ನಮ್ಮ ಅತ್ತೀದಲ್ರಿ. ಅವರ ಚಪ್ಪಲಿ ಬಾರಿಗೆ ಪಿನ್ ಹಾಕಿದ್ರು. ಹೊಸಾದ ತರೂಣು ಅಂದ್ರ ಬ್ಯಾಡಾಗಿತ್ತು.” ಅಷ್ಟು ಹೇಳಿ ದಂಡೆಯ ಮೇಲೇ ಕುಸಿದು ಕುಳಿತಳು. ಶಿವಯೋಗೆಪ್ಪನೂ ಕುಳಿತ. ಹಗ್ಗ ಸಡಿಲಾಯಿತು. ನೀರಿನಲ್ಲಿದ್ದವರಲ್ಲೊಬ್ಬ, “ಕಾಕಾ, ಹಗ್ಗ ಬಿಡಬ್ಯಾಡ್ರೀ! ಇನ್ನೊಂದು ಹೆಸರು ಕೂಗಬೇಕಾದೀತು!” ಎಂದು ಬೊಬ್ಬೆ ಹಾಕಿದ.

ನೀರಿಗಿಳಿದವರು ಬರಿಗೈಲಿ ಮೇಲೆ ಬಂದ ಮೇಲೆ ಎಲ್ಲರೂ ದಂಡೆಯ ಪಕ್ಕದ ರಸ್ತೆಗೆ ಬಂದರು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಯ ರಸ್ತೆ ಅದು, ಕಬ್ಬು ಅರೆಯುವ ಹಂಗಾಮು. ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಟಿದ್ದವು, ಒಂದೊಂದರಲ್ಲಿ ಒಂದೊಂದು ಹಾಡು, ಎಲ್ಲವೂ ಕಿವಿ ಗಡಚಿಕ್ಕುವಂತೆ. ಆ ಗದ್ದಲದಲ್ಲಿ ಎರಡು ಭೋಂಗಾ ಎಲ್ಲಿಯ ಲೆಕ್ಕ? ಕಲ್ಮೇಶ ಏನೂ ಯೋಚಿಸದೆ ಟಂಟಮ್ಮನ್ನು ರಸ್ತೆಗೆ ಅಡ್ಡ ನಿಲ್ಲಿಸಿದ.

“ಏ ಟಂಟಂ! ರಸ್ತಾ ನಿಮ್ಮಪ್ಪಂದೇನಲೇ?” ಎಂದ ಮೊದಲ ಟ್ರ್ಯಾಕ್ಟರಿನವನು.

“ಒಬ್ಬಾಕಿ ತಾಯಿ ಕಳದಾಳಪಾ. ನಿಮ್ಮ ಹಾಡು ಒಂದೀಟು ಆರಸ್ರಿ.”

ಮೊದಲ ಟ್ರ್ಯಾಕ್ಟರಿನ ಹಾಡು ನಿಂತಿತು. ಹಿಂದಿನದು, ಅದರ ಹಿಂದಿನದು, ಒಂದಾದ ಮೇಲೊಂದು ನಿಂತವು. ಎಂಜಿನುಗಳೂ ಆರಿದವು. ಎಷ್ಟೋ ವರ್ಷಗಳಿಂದ ಶಿವಯೋಗೆಪ್ಪ ಬಯಸಿದ್ದ ಸಭೆ ಅದು: ಕಣ್ಣೆಟುಕುವವರೆಗೆ ಜನ, ಅಪ್ಪಟ ಮೌನ, ಕೈಯಲ್ಲಿ ಮೈಕು. ಆದರೆ ಗಂಟಲು ಸರಿಮಾಡಿಕೊಳ್ಳುವುದೇ ಅವನಿಗೆ ಮರೆತುಹೋಯಿತು.

“ನಾನು... ನಾ ಬನಹಟ್ಟಿ ಶಿವಯೋಗೆಪ್ಪ, ಮೈಕಿನಾಂವ. ನಿನ್ನೆ ಮಹಾಲಿಂಗಪುರದಾಗ ಒಂದು ಮಾತು ಹೇಳಿದ್ದೆ. ಮಾದೇವಕ್ಕಗ ತಲಿ ಸರಿ ಇಲ್ಲ ಅಂತ. ಅದು ಸುಳ್ಳರಿ. ಯಾರೂ ನನಗ ಹಂಗ ಹೇಳಂತ ಹೇಳಿರಲಿಲ್ಲ. ಚಂದ ಕೇಳಸತೈತಿ ಅಂತ ನಾನ ಹೇಳಿದೆ.” ದನಿ ನಡುಗಿತು. ಈ ಸಲ ಅವನು ನಡುಗಿಸಿರಲಿಲ್ಲ. “ಅಕಿ ಚಹರೆ ಮತ್ತೊಮ್ಮೆ ಹೇಳ್ತೀನಿ. ಕೆಂಪು ದಡಿ ಸೀರಿ. ಒಂದು ಚಪ್ಪಲಿಗೆ ಪಿನ್ ಐತಿ. ಜೀವನಾ ಪೂರಾ ಮಗ್ಗದ ನೂಲು ಕಂಡಿಕಿಗೆ ಸುತ್ತ್ಯಾಳ, ಯಾರೋ ನೇಯ್ದ ಸೀರ್‍ಯಾಗ ತಪ್ಪಿದ ಎಳಿ ದಣಿದು ಕುಂತಲ್ಲೇ ಹಿಡೀತಾಳ. ಭಜನ್ಯಾಗ ತಾಳ ಹಾಕತಾಳ. ಅಕಿ ತಲಿ ನಿಮ್ಮ ತಲಿ, ನನ್ನ ತಲಿಗಿಂತ ನೆಟ್ಟಗೈತಿ. ಕಂಡವರು ಪೊಲೀಸರಿಗೆ ಹೇಳಾಕ ಬ್ಯಾಡ್ರಿ. ಅಕಿಗಿ ಹೇಳ್ರಿ, ಶಿವಯೋಗೆಪ್ಪ ತಪ್ಪು ಒಪ್ಪಿಕೊಂಡ ಅಂತ.”

ಶೈಲಾ ಕೈಚಾಚಿದಳು. ಜೀವನದಲ್ಲಿ ಅವನು ತಾನಾಗಿ ಮೈಕು ಬಿಟ್ಟುಕೊಟ್ಟದ್ದು ಅದೇ ಮೊದಲು.

“ಅತ್ತೀ!” ಎಂದಳು ಶೈಲಾ. ಭೋಂಗಾ ಕಿರ್ರೆಂದಿತು. “ಅತ್ತೀ, ಎರಡನೇ ಸಲ ಉಪ್ಪು ಹಾಕಿದಾಕಿ ನಾನರಿ! ನೀವು ಹಾಕಿದ್ದು ನಂಗ ಗೊತ್ತಿರಲಿಲ್ಲ. ಆಮ್ಯಾಲ ಗೊತ್ತಾತು. ಮಂದಿ ಮುಂದ ಹೇಳಾಕ ನಾಚಿಕಿ ಬಂತು. ಈಗ ಇಷ್ಟ ಮಂದಿ ಮುಂದ ಹೇಳೇನಿ, ಬರ್ರಿ ಮನಿಗಿ!”

ಟ್ರ್ಯಾಕ್ಟರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಗಲಿಲ್ಲ.

ರಸ್ತೆಯ ಬದಿ, ಕಟಾವಾದ ಹೊಲದಲ್ಲಿ, ಕಬ್ಬು ಕಡಿಯುವ ಗ್ಯಾಂಗಿನವರ ಜೋಪಡಿಗಳಿದ್ದವು. ಕಬ್ಬಿನ ಒಣಗರಿಯ ರವದಿಯನ್ನೇ ಗೋಡೆ ಮಾಡಿಕೊಂಡವು. ಅವುಗಳ ಒಂದು ಬಾಗಿಲಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡ ಹೆಣ್ಣುಮಗಳೊಬ್ಬಳು ನಿಂತು, ಒಳಗೆ ತಿರುಗಿ ಏನೋ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ಮಾದೇವಕ್ಕ ಹೊರಗೆ ಬಂದಳು. ಕೆಂಪು ದಡಿ ಸೀರೆ, ಮೊಳಕೈವರೆಗೆ ಜೋಳದ ಹಿಟ್ಟು. ಹೊಲದ ಕೂಳೆಗಳನ್ನು ದಾಟಿಕೊಂಡು, ಪಿನ್ನಿನ ಚಪ್ಪಲಿಯನ್ನು ಜೋಪಾನವಾಗಿ ಎಳೆಯುತ್ತ ನಡೆದುಬಂದಳು.

“ನಿನ್ನೆಯಿಂದ ನಮ್ಮ ಕೂಸುಗೋಳ್ನ ನೋಡ್ಕೊಂಡಾಳರಿ,” ಎಂದಳು ಹಿಂದೆಯೇ ಬಂದ ಗ್ಯಾಂಗಿನವಳು. “ನೀವು ತಲಿ ಕೆಟ್ಟಾಕಿನ್ನ ಹುಡುಕತಿದ್ರಿ ಅಂತ ಕೇಳಿದ್ವಿ. ಈಕಿನ ಅಂತ ಹೆಂಗ ಗೊತ್ತಾಗಬೇಕ್ರಿ?”

ಶೈಲಾ ಅಳುತ್ತ ಅತ್ತೆಯ ಕೈ ಹಿಡಿದಳು. ಮಾದೇವಕ್ಕ ಹಿಟ್ಟಿನ ಕೈಯಿಂದಲೇ ಅವಳ ಕೆನ್ನೆ ಒರೆಸಿದಳು, ಅವಳ ಮುಖವೆಲ್ಲ ಬೆಳ್ಳಗಾಯಿತು. “ಉಪ್ಪಿನ ಸುದ್ದಿ ಊರಿಗೆಲ್ಲಾ ಹೇಳೂದೇನಿತ್ತಬೇ,” ಎಂದಳು ಅಷ್ಟೇ.

ಹೊಳೆಪ್ಪ ಎರಡು ಸೀಟಿ ಊದಿದ. ಟ್ರ್ಯಾಕ್ಟರುಗಳು ಶುರುವಾದವು. ಆದರೆ ಶಿವಯೋಗೆಪ್ಪ ಅಲ್ಲೇ ನಿಂತಿದ್ದ. ಅವಳು ಬೈಯಲಿ ಎಂದು ಕಾಯುತ್ತಿದ್ದ. ಬೈದರೆ ಹಗುರಾಗಬಹುದಿತ್ತು. ಅವಳು ಬೈಯುವ ಲಕ್ಷಣ ಕಾಣದಿದ್ದಾಗ ತಾನೇ ಹತ್ತಿರ ಹೋಗಿ, ಕೈಮುಗಿದು ಕೇಳಿದ:

“ಅಲ್ಲ ಯವ್ವಾ, ಮಹಾಲಿಂಗಪುರದಾಗ ನನ್ನ ಮೈಕ ನಿಮಗ ಕೇಳಿತ್ತು. ಗಾಡಿನೂ ಕಾಣತಿತ್ತು. ಬಂದು ನನ್ನ ಕಪಾಳಕ್ಕ ಎರಡು ಕೊಟ್ಟು, ‘ನನ್ನ ತಲಿ ನೆಟ್ಟಗೈತಿ’ ಅಂತ ಯಾಕ ಹೇಳಲಿಲ್ಲ?”

ಮಾದೇವಕ್ಕ ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಬರೂದಿತ್ತಪಾ,” ಎಂದಳು. “ಅಷ್ಟರಾಗ ನೀವು ಮಿರ್ಚಿ ತಿನ್ನಾಕ ಹೊಂಟ್ರಿ.”